ಮಗು ನೋಡುವ ಕಾರ್ಟೂನನ್ನು ನಾವೂ ನೋಡೋಣ
(ಸುವರ್ಣ ಮಹೋತ್ಸವದ ಪೋಷಕರ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಆಡಿದ ಮಾತುಗಳು)



ನಾವು ಈ ಶಾಲೆಯಲ್ಲಿ ಓದುತ್ತಿದ್ದ 1990ರ ದಶಕದಲ್ಲಿ ಭಾನುವಾರ ದೂರದರ್ಶನದಲ್ಲಿ ‘ಜಂಗಲ್ ಬುಕ್’ ಬರುತ್ತಿತ್ತು. ನಮ್ಮ ಬೀದಿಗೆ ಇದ್ದದ್ದು ಒಂದೇ ಟಿವಿ. ನಮಗೆ ಹಿಂದಿ ಬರುತ್ತಿರಲಿಲ್ಲ. ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದರು. ಹುಲಿ ಬಂದಾಗ ಹೆದರಿದ ಮಗುವಿಗೆ ಯಾರಾದರೊಬ್ಬರ ತೊಡೆ ಸಿಗುತ್ತಿತ್ತು. ಈಗ ನಮ್ಮ ಮಕ್ಕಳು ಮೂಲೆಯಲ್ಲಿ ಮೊಬೈಲ್ ಹಿಡಿದು ಒಬ್ಬರೇ ನೋಡುತ್ತಾರೆ.

ನನ್ನ ಮನೆಯಲ್ಲೇ ಆದದ್ದನ್ನು ಹೇಳುತ್ತೇನೆ. ಮಗಳಿಗೆ ಆಗ ಆರು ವರ್ಷ. ನಾನು ಶಾಲೆಯಿಂದ ಬಂದು ಅಡುಗೆಗೆ ನಿಂತರೆ ಅವಳ ಕೈಗೆ ಮೊಬೈಲ್ ಕೊಡುತ್ತಿದ್ದೆ. ಹೊಡೆದಾಟವಿಲ್ಲದ, ಪುಟ್ಟ ಪ್ರಾಣಿಗಳ ಕಾರ್ಟೂನು. ಇದು ಒಳ್ಳೆಯದೇ ಎಂದುಕೊಂಡಿದ್ದೆ. ಕೆಲವೇ ದಿನಗಳಲ್ಲಿ ಅವಳು ರಾತ್ರಿ ಎದ್ದು ಅಳತೊಡಗಿದಳು. ಬೆಳಿಗ್ಗೆ ನಾನು ಬಸ್ಸಿಗೆ ಹೊರಟರೆ ಸೆರಗು ಬಿಡುತ್ತಿರಲಿಲ್ಲ. ನಾನು ಗದರಿಸಿ ಮೊಬೈಲ್ ಕಿತ್ತುಕೊಂಡೆ. ಅಳು ನಿಲ್ಲಲಿಲ್ಲ. ಕೊನೆಗೆ ನಮ್ಮ ಅತ್ತೆಯವರು ಮೊಮ್ಮಗಳ ಪಕ್ಕ ಕೂತು ಆ ಕಾರ್ಟೂನು ನೋಡಿದರು. ಅದರಲ್ಲಿ ಮೇವು ತರಲು ಹೋದ ತಾಯಿ ಆನೆ ತಿರುಗಿ ಬರುವುದೇ ಇಲ್ಲ. ಮಗುವಿನ ಮನಸ್ಸಿನಲ್ಲಿ ಆ ಆನೆ ನಾನೇ ಆಗಿದ್ದೆ! ಅಂದು ನನಗೆ ನಾಚಿಕೆಯಾಯಿತು. ಮೂವತ್ತು ಮಕ್ಕಳಿಗೆ ಪಾಠ ಹೇಳುವ ನಾನು ನನ್ನ ಮಗಳು ಏನು ನೋಡುತ್ತಿದ್ದಾಳೆಂದು ನೋಡಿರಲಿಲ್ಲ.

ಅಂದಿನಿಂದ ನಾನು ಪಾಲಿಸುತ್ತಿರುವ ಕೆಲವು ವಿಷಯಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಇದನ್ನು ಯಾರಿಗಾಗಿ ಮಾಡಿದ್ದಾರೆ ಎಂದು ಕೇಳಿಕೊಳ್ಳಿ. ಚಿತ್ರ ಬಿಡಿಸಿದ್ದೆಲ್ಲ ಮಕ್ಕಳದ್ದಲ್ಲ. ಜಪಾನಿನ ‘ಡೋರೆಮಾನ್’ 1969ರಲ್ಲಿ ಶುರುವಾದದ್ದು ಮಕ್ಕಳ ಮಾಸಪತ್ರಿಕೆಗಳಲ್ಲಿ. ‘ಶಿನ್‌ಚಾನ್’ 1990ರಲ್ಲಿ ಶುರುವಾದದ್ದು ದೊಡ್ಡವರು ಓದುವ ವಾರಪತ್ರಿಕೆಯಲ್ಲಿ. ನಮ್ಮ ದೇಶದಲ್ಲಿ ಅದು ಮಕ್ಕಳ ಚಾನೆಲ್ಲಿನಲ್ಲಿ ಬಂತು. ದೂರುಗಳಾಗಿ 2008ರಲ್ಲಿ ಪ್ರಸಾರ ನಿಂತು, ಆಮೇಲೆ ದೃಶ್ಯಗಳಿಗೆ ಕತ್ತರಿ ಹಾಕಿ ಮತ್ತೆ ತೋರಿಸಿದರು. ತುಂಟ ಹುಡುಗನನ್ನು ಕಂಡು ದೊಡ್ಡವರು ನಗುತ್ತಾರೆ. ಐದು ವರ್ಷದ ಮಗು ಅವನಂತೆಯೇ ಮಾತಾಡಲು ಕಲಿಯುತ್ತದೆ.

ಎರಡನೆಯದು, ವಯಸ್ಸಿನ ಗುರುತು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಒಟಿಟಿಯವರು ತಮ್ಮ ಕಾರ್ಯಕ್ರಮಗಳಿಗೆ ಯು, ಯು/ಎ 7+, 13+, 16+, ಎ ಎಂಬ ಗುರುತು ಹಾಕಬೇಕು. 7+ ಎಂದಿದ್ದರೆ ಏಳು ತುಂಬದ ಮಗು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬೇಕು ಎಂದರ್ಥ. 13+ ಮತ್ತು ಅದಕ್ಕೆ ಮೇಲಿನವುಗಳಿಗೆ ಬೀಗ ಹಾಕುವ ಸೌಲಭ್ಯವನ್ನೂ ಅವರು ಕೊಡಬೇಕು. ಆದರೆ ಯಾರೋ ಮಾಡಿ ಯೂಟ್ಯೂಬಿಗೆ ಹಾಕಿದ ವಿಡಿಯೋಗಳಿಗೆ ಈ ಗುರುತನ್ನು ನೆಚ್ಚಿಕೊಳ್ಳಲಾಗದು. ಒಂದು ಮುಗಿದೊಡನೆ ಇನ್ನೊಂದು ತಾನಾಗಿ ಶುರುವಾಗುವುದನ್ನು ಸೆಟ್ಟಿಂಗಿನಲ್ಲಿ ನಿಲ್ಲಿಸಿಡಿ.

ಮೂರನೆಯದು, ಎರಡು ಕಂತನ್ನಾದರೂ ನೀವೇ ನೋಡಿ. ಮೊದಲನೆಯದಷ್ಟೇ ಅಲ್ಲ, ನಡುವಿನದೊಂದನ್ನೂ ನೋಡಿ. ಹೊಡೆತ ತಿಂದವನಿಗೆ ನೋವಾಗುತ್ತದೆಯೇ? ಸುಳ್ಳು ಹೇಳಿದವನಿಗೆ ಕೊನೆಗೆ ಏನಾಗುತ್ತದೆ? ದಪ್ಪಗಿದ್ದವರನ್ನೋ ಕಪ್ಪಗಿದ್ದವರನ್ನೋ ಕಂಡು ನಗಿಸುತ್ತಾರೆಯೇ? ಬೆಳಕು ಕಣ್ಣು ಕುಕ್ಕುವಂತೆ ಮಿನುಗುತ್ತದೆಯೇ? ಈ ಕೊನೆಯದು ಸಣ್ಣ ಮಾತಲ್ಲ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ‘ಪೋಕೆಮಾನ್’ನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ವೇಗವಾಗಿ ಮಿನುಗಿ, 600ಕ್ಕೂ ಹೆಚ್ಚು ಜನ, ಅದರಲ್ಲೂ ಮಕ್ಕಳು, ಆಸ್ಪತ್ರೆ ಸೇರಿದರು. ಮೂರ್ಛೆರೋಗವಿರುವ ಮಕ್ಕಳ ಮನೆಯವರು ಇದನ್ನು ನೆನಪಿಡಬೇಕು.

ನಾಲ್ಕನೆಯದು, ಕಾರ್ಟೂನಿಗಿಂತ ಹೆಚ್ಚಾಗಿ ಮಗುವನ್ನು ನೋಡಿ. ನಿದ್ದೆ, ಊಟ, ಆಟ, ಮಾತು ಬದಲಾದವೇ? ಅಣ್ಣನಿಗೆ ಒಗ್ಗಿದ್ದು ತಂಗಿಗೆ ಒಗ್ಗದಿರಬಹುದು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಕಾರ್ಟೂನೇ ಬೇಡವೆಂದು ನಾನು ಹೇಳುತ್ತಿಲ್ಲ. ಹೊಲದಿಂದ, ಗಾರ್ಮೆಂಟ್ಸಿನಿಂದ ದಣಿದು ಬರುವ ತಾಯಿಗೆ ಅರ್ಧ ಗಂಟೆ ಬಿಡುವು ಬೇಕೇ ಬೇಕು, ಅದು ತಪ್ಪಲ್ಲ. ಆ ಅರ್ಧ ಗಂಟೆಗೆ ಏನನ್ನು ಹಾಕಿಕೊಡಬೇಕೆಂದು ಭಾನುವಾರವೇ ನೋಡಿ ಆರಿಸಿಟ್ಟುಕೊಂಡರೆ ಸಾಕು. ಓದು ಬಾರದ ಅಜ್ಜಿ ತಾತಂದಿರೂ ಈ ಕೆಲಸ ಮಾಡಬಲ್ಲರು. ನನ್ನ ಮಗಳ ಅಳುವಿನ ಕಾರಣ ಕಂಡುಹಿಡಿದವರು ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅತ್ತೆಯವರೇ. “ಆ ಆನೆಗೆ ಬಸ್ಸಿರಲಿಲ್ಲ ಮಗ, ನಿಮ್ಮಮ್ಮಂಗೆ ಆರು ಗಂಟೆ ಬಸ್ಸಿದೆ” ಎಂದು ಅವಳನ್ನು ಸಮಾಧಾನಪಡಿಸಿ ಮಲಗಿಸಿದ್ದೂ ಅವರೇ.

ಇವತ್ತು ಮನೆಗೆ ಹೋದ ಮೇಲೆ ಮಗುವಿನ ಪಕ್ಕ ಕೂತು ಒಂದು ಕಂತು ನೋಡಿ. ಮುಗಿದ ಮೇಲೆ, “ನಿನಗೆ ಯಾರು ಇಷ್ಟ ಆದ್ರು? ಯಾಕೆ?” ಎಂದು ಕೇಳಿ. ಉಳಿದದ್ದನ್ನು ಮಗುವೇ ಹೇಳುತ್ತದೆ.