ಬೀಚಿಯವರ ಆತ್ಮಕಥೆ



ಪೀಣ್ಯದ ಕಾರ್ಖಾನೆಗಳ ಮಗ್ಗುಲಲ್ಲಿ ನೆರೆದಿರುವ ಈ ಸಭೆಯಲ್ಲಿ ಬಳ್ಳಾರಿ ಸೀಮೆಯಿಂದ ದುಡಿಮೆಗೆ ಬಂದವರೂ ಇರುವುದರಿಂದ, ಆ ಸೀಮೆಯ ಹಾಸ್ಯ ಕಾದಂಬರಿಕಾರರಾದ ಬೀಚಿಯವರ ಆತ್ಮಕಥೆಯನ್ನೇ ಇಂದು ಆರಿಸಿಕೊಂಡಿದ್ದೇವೆ.

ರಾಯಸಂ ಭೀಮಸೇನರಾಯರು 1913ರಲ್ಲಿ ಹರಪನಹಳ್ಳಿಯಲ್ಲಿ ಜನಿಸಿದರು. ಆ ಸೀಮೆ ಆಗ ಮದರಾಸು ಆಧಿಪತ್ಯದಲ್ಲಿತ್ತು. ಮೈಸೂರನ್ನು ಸೇರಿದುದು 1953ರಲ್ಲಿ. ಅಲ್ಲಿ ಇಂಗ್ಲಿಷು ಕಲಿತ ಕನ್ನಡಿಗನಿಗೆ ತಾಯ್ನುಡಿಯಲ್ಲಿ ಓದತಕ್ಕುದೇನೂ ಇಲ್ಲವೆಂಬ ತಾತ್ಸಾರ ಮೂಡಿದುದು ಆಶ್ಚರ್ಯವಲ್ಲ. ಪೋಲೀಸು ಇಲಾಖೆಯ ನೌಕರರಾಗಿದ್ದ ರಾಯರಿಗೂ ಅದು ಅಂಟಿತ್ತು. ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ವನ್ನು ಓದಿದ ಮೇಲೆ ಕಳಚಿತು. ಬಳಿಕ ‘ದಾಸಕೂಟ’ ಬಂದಿತು, ತಿಮ್ಮ ಬಂದನು. ಒಬ್ಬ ಓದುಗನನ್ನು ಮರಳಿ ಪಡೆದ ಕನ್ನಡಕ್ಕೆ ಒಬ್ಬ ಲೇಖಕನೇ ದೊರೆತನು.

ಆತ್ಮಕಥೆಗೆ ಅವರಿಟ್ಟ ಹೆಸರು ‘ನನ್ನ ಭಯಾಗ್ರಫಿ’. ಇಂಗ್ಲಿಷು ಮಾತಿನ ಬಕಾರವನ್ನು ಭಕಾರ ಮಾಡಿದುದು ಬರಿಯ ತಮಾಷೆಯೆಂದು ನಮಗೆ ತೋರದು. ತನ್ನ ಬಾಳನ್ನು ತಾನೇ ಬರೆಯುವವನು ಅಂಜಬೇಕು: ಹಿರಿಮೆಯನ್ನು ಹಿಗ್ಗಿಸಿಯೇನೋ, ಸಣ್ಣತನವನ್ನು ಮುಚ್ಚಿಟ್ಟೇನೋ ಎಂದು. ದೊಡ್ಡವರೆನಿಸಿಕೊಂಡವರ ಆತ್ಮಕಥೆಗಳಲ್ಲಿ ಈ ಅಂಜಿಕೆ ಅಪರೂಪ. (ನಗೆಗಾರರ ಪಕ್ಷಪಾತಿಗಳೆಂದು ನಮ್ಮನ್ನು ಕರೆದರೂ ಸರಿಯೇ.) ಊರನ್ನೆಲ್ಲ ನಗೆಗೀಡುಮಾಡಿದವರು ತಮ್ಮನ್ನು ಮಾತ್ರ ಹೊರಗಿಟ್ಟುಕೊಳ್ಳಲಾಗದೆಂಬುದನ್ನು ಬೀಚಿ ಬಲ್ಲವರಾಗಿದ್ದರು.

ಕನ್ನಡವನ್ನು ಓದೆನೆನ್ನುವ ಮಕ್ಕಳು ಮನೆಯಲ್ಲಿದ್ದರೆ, ಅವರ ಕೈಗೆ ಈ ಪುಸ್ತಕವನ್ನು ಒಮ್ಮೆ ಕೊಟ್ಟು ನೋಡಬೇಕೆಂದು ಕೋರುತ್ತೇವೆ.