ನಮ್ಮ ಅನಂತರ ಅವರ ಮನೆ
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ದಿನ ಬಹುಮಾನ ಪಡೆದ ಮಕ್ಕಳನ್ನು ಕುರಿತು ನಾಲ್ಕು ಮಾತನಾಡುವುದು ರೂಢಿ. ನಾವು ಇಂದು ಆ ರೂಢಿಯನ್ನು ಬಿಟ್ಟು, ಈ ವೇದಿಕೆಯನ್ನು ಎಂದೂ ಏರದವರ ವಿಷಯವನ್ನು ಎತ್ತಿಕೊಂಡಿದ್ದೇವೆ, ಸಭಿಕರು ಮನ್ನಿಸಬೇಕು. ಬುದ್ಧಿಯ ಬೆಳವಣಿಗೆ ನಿಧಾನವಾದುದರಿಂದ ಊಟ, ಸ್ನಾನ, ಹಣಕಾಸು, ಹೊರಸಂಚಾರಗಳಲ್ಲಿ ಬಾಳಿನುದ್ದಕ್ಕೂ ಇನ್ನೊಬ್ಬರ ನೆರವು ಬೇಕಾದವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಕಾಸರಗೋಡಿನವರಾದ ನಮಗಂತೂ ಇದು ದೂರದ ಸಂಗತಿಯಲ್ಲ. ಎಣ್ಮಕಜೆಯೇ ಮೊದಲಾದ ಗ್ರಾಮಗಳ ಗೇರುತೋಟಗಳ ಮೇಲೆ 2000ನೆಯ ಇಸವಿಯ ವರೆಗೆ, ಸುಮಾರು ಎರಡು ದಶಕಗಳ ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಸಂತ್ರಸ್ತರೆಂದು ಪಟ್ಟಿಯಾದವರಲ್ಲಿ ಇಂಥ ಮಕ್ಕಳು ಅನೇಕರು. ಅವರಿಗೆ ತಲಾ 5 ಲಕ್ಷ ರೂಪಾಯಿ ಕೊಡತಕ್ಕದ್ದೆಂದು ಸುಪ್ರೀಂ ಕೋರ್ಟು 2017ರಲ್ಲಿ ಆಜ್ಞಾಪಿಸಿತು.

ಆ ಮಕ್ಕಳು ಇಂದು ಮಕ್ಕಳಲ್ಲ. ಮೂವತ್ತು, ನಲವತ್ತು ವಯಸ್ಸಿನವರಾಗಿದ್ದಾರೆ. ತಾಯಂದಿರಿಗೆ ಅರುವತ್ತು ದಾಟಿದೆ. ಎಳೆಯರಿಗೆ ಬಡ್ಸ್ ಶಾಲೆ, ಹದಿನೆಂಟು ಮೀರಿದವರಿಗೆ ಬಡ್ಸ್ ಪುನರ್ವಸತಿ ಕೇಂದ್ರ ಎಂದು ಹಗಲಿಗೊಂದು ನೆಲೆಯುಂಟು. ಸಂಜೆ ವಾಹನವು ಮನೆಯ ಮುಂದೆ ತಂದು ಇಳಿಸುತ್ತದೆ. ಬಾಗಿಲು ತೆರೆಯಲು ತಾಯಿ ಇಲ್ಲದ ಸಂಜೆ ಬಂದಾಗ ಏನು ಗತಿ? ಈ ಸಭೆಯಲ್ಲಿಯೂ ಇದೇ ಚಿಂತೆಯಿಂದ ರಾತ್ರಿ ನಿದ್ದೆಗೆಟ್ಟವರು ಇದ್ದಾರೆಂಬುದನ್ನು ನಾವು ಬಲ್ಲೆವು.

ಒಳ್ಳೆಯ ವಸತಿಗೃಹವೊಂದಕ್ಕೆ ಸೇರಿಸಿದರಾಯಿತು ಎನ್ನುವವರುಂಟು. ಆದರೆ ಒಳ್ಳೆಯದೆಂದರೆ ಯಾವುದು? ನೆಲದ ಹಾಸುಗಲ್ಲೇ? ತೆರುವ ಶುಲ್ಕವೇ? ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಬಳಿ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯೊಂದಿತ್ತು. ಇಂಥವರಿಗಾಗಿಯೇ 24 ಹಾಸಿಗೆಗಳು; ಒಬ್ಬೊಬ್ಬರಿಗೆ ವಾರಕ್ಕೆ ಸರಾಸರಿ 3,500 ಪೌಂಡು ಶುಲ್ಕ, ಅಂದರೆ ಆಗಿನ ದರದಲ್ಲಿ ಎರಡೂವರೆ ಲಕ್ಷ ರೂಪಾಯಿಯಷ್ಟು. ತೆರುತ್ತಿದ್ದುದು ಸಾರ್ವಜನಿಕರ ಹಣ. ಅಲ್ಲಿ ನೌಕರರು ನಿವಾಸಿಗಳನ್ನು ಹೊಡೆಯುವುದು, ನೆಲಕ್ಕೆ ಒತ್ತಿ ಹಿಡಿಯುವುದು, ಹೀಯಾಳಿಸುವುದು ನಡೆದೇ ಇತ್ತು. ಹಿರಿಯ ಶುಶ್ರೂಷಕರೊಬ್ಬರು 2010ರಲ್ಲಿ ದೂರಿತ್ತರೂ ಆಡಳಿತವಾಗಲಿ ತನಿಖಾ ಮಂಡಲಿಯಾಗಲಿ ಕಿವಿಗೊಡಲಿಲ್ಲ. 2011ರ ಮೇ ತಿಂಗಳಲ್ಲಿ ಬಿ.ಬಿ.ಸಿ.ಯು ಗುಪ್ತವಾಗಿ ತೆಗೆದ ಚಿತ್ರಗಳನ್ನು ತೋರಿಸಿದ ಮೇಲೆಯೇ ಲೋಕದ ಕಣ್ಣು ತೆರೆಯಿತು. ಆಸ್ಪತ್ರೆ ಮುಚ್ಚಿತು, ಹನ್ನೊಂದು ಮಂದಿಗೆ ಶಿಕ್ಷೆಯಾಯಿತು, ಅವರಲ್ಲಿ ಆರು ಮಂದಿ ಸೆರೆಮನೆಗೆ ಹೋದರು. ಹಣದ ಕೊರತೆ ಅಲ್ಲಿರಲಿಲ್ಲ, ಕಟ್ಟಡದ ಕೊರತೆಯೂ ಇರಲಿಲ್ಲ. ಒಳಗಿದ್ದವರ ಮಾತನ್ನು ಮಾತೆಂದು ಎಣಿಸುವವರು ಇರಲಿಲ್ಲ.

ಸ್ವೀಡನ್ ದೇಶದ ಬೆಂಗ್ಟ್ ನೀರ್ಯೆ ಎಂಬವರು 1969ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಬಹಳ ಸರಳವಾದ ಅಳತೆಗೋಲನ್ನು ಕೊಟ್ಟರು. ದಿನದ, ವಾರದ, ವರ್ಷದ ಲಯವು ಊರಿನ ಉಳಿದವರಿಗೆ ಇರುವಂತೆಯೇ ಇವರಿಗೂ ಇರತಕ್ಕದ್ದು. ನೌಕರರು ಸಾಲದೆಂಬ ಕಾರಣಕ್ಕೆ ದೊಡ್ಡವರನ್ನು ಸಂಜೆಗೇ ಮಲಗಿಸತಕ್ಕದ್ದಲ್ಲ. ಅದೇ ದೇಶವು ಮುಂದೆ 1997ರಲ್ಲಿ ಶಾಸನ ಮಾಡಿ, ದೊಡ್ಡ ದೊಡ್ಡ ಸಂಸ್ಥೆಗಳನ್ನು 1999ರ ಕೊನೆಯೊಳಗೆ ಮುಚ್ಚಬೇಕೆಂದು ಗೊತ್ತುಮಾಡಿತು. ಈಗ ಅಲ್ಲಿ ಕೆಲವೇ ಮಂದಿ ಕೂಡಿ ಬಾಳುವ ಚಿಕ್ಕ ಮನೆಗಳಿವೆ. ನಮ್ಮ ದೇಶದ 2016ರ ಶಾಸನವೂ ವಿಕಲಾಂಗರಿಗೆ ಸಮಾಜದ ನಡುವೆಯೇ ಬಾಳುವ ಹಕ್ಕನ್ನು ಒಪ್ಪಿದೆ.

ದೂರದ ಮಾತು ಸಾಕು, ನಮ್ಮ ಊರಿಗೇ ಬರೋಣ. ನಾವು ಬಲ್ಲ ಮನೆಯೊಂದರಲ್ಲಿ ಮೂವತ್ತನಾಲ್ಕು ವಯಸ್ಸಿನ ಮಗಳಿದ್ದಾಳೆ. ಆಕೆಗೆ ಬರುವ ಮಾತುಗಳು ಐವತ್ತನ್ನು ಮೀರಲಾರವು. ಅರ್ಧ ಕನ್ನಡ, ಅರ್ಧ ತುಳು. ತಾಯಿಗೆ ಶಸ್ತ್ರಚಿಕಿತ್ಸೆಯಾದಾಗ ಹದಿನೈದು ದಿನ ಆಕೆಯನ್ನು ಒಂದು ವಸತಿಕೇಂದ್ರದಲ್ಲಿ ಬಿಡಬೇಕಾಯಿತು. ಚೊಕ್ಕಟವಾದ ಕೇಂದ್ರ, ನಾವೇ ಹೋಗಿ ನೋಡಿ ಒಪ್ಪಿದ್ದೆವು. ಎರಡನೆಯ ದಿನದಿಂದ ಆಕೆ "ಕೊಡೆ, ಕೊಡೆ" ಎಂದಳಂತೆ. ನೋಡಿಕೊಳ್ಳುವವರು ಮಲಯಾಳದ "ಕುಡ"ವೆಂದು ತಿಳಿದು ಕೊಡೆಯೊಂದನ್ನು ಕೊಟ್ಟರು. ಆಕೆ ಎಸೆದಳು. ಮತ್ತೆ ಕೊಟ್ಟರು, ಮತ್ತೆ ಎಸೆದಳು. ಕೋಪಿಷ್ಠೆಯೆಂದು ಬರೆದುಕೊಂಡು ಬಾಗಿಲಿಗೆ ಅಗಳಿ ಹಾಕಿದರು. ಆಕೆಯ ಭಾಷೆಯಲ್ಲಿ "ಕೊಡೆ" ಎಂದರೆ, ಮಳೆಯಿರಲಿ ಬಿಸಿಲಿರಲಿ, "ಹೊರಗೆ ಹೋಗೋಣ" ಎಂದು. ಮನೆಯಲ್ಲಿ ಚಿಕ್ಕ ಮಕ್ಕಳಿಗೂ ಅದು ಗೊತ್ತು. ಇದರಲ್ಲಿ ಮಲಯಾಳದ ದೋಷವೇನೂ ಇಲ್ಲ. ಕನ್ನಡ ಪಂಡಿತರನ್ನು ಕೂರಿಸಿದ್ದರೂ ಕೊಡೆಯನ್ನೇ ಕೊಡುತ್ತಿದ್ದರು. ದೋಷ ನಮ್ಮದೂ ಹೌದು. ಔಷಧದ ಚೀಟಿಯನ್ನು ಕಳುಹಿಸಿದೆವು, ಮಾತಿನ ಚೀಟಿಯನ್ನು ಕಳುಹಿಸಲಿಲ್ಲ.

ಸ್ಕಾಟ್ಲೆಂಡಿನಲ್ಲಿ 1990ರ ದಶಕದಲ್ಲಿ ಇಂಥದೊಂದು ಚೀಟಿಯನ್ನೇ ರೂಢಿಗೆ ತಂದರು. ಸರಿಯಾಗಿ ಮಾತು ಬಾರದವನ ಪರವಾಗಿ, ಅವನೇ ಹೇಳುವಂತೆ ಬರೆದ ಚಿಕ್ಕ ಪುಸ್ತಕ: ನನಗೆ ಹೀಗೆ ಉಣ್ಣಿಸಿ, ನಾನು ಕಿವಿ ಮುಚ್ಚಿಕೊಂಡರೆ ಅದರ ಅರ್ಥ ಇದು, ನನಗೆ ಹೆದರಿಕೆ ಇಂಥದರಿಂದ. ಎರಡು ಆಣೆಯ ನೋಟುಪುಸ್ತಕವೂ ಸಾಕು ಎನ್ನೋಣವೆಂದರೆ ಈಗ ಆಣೆಯೇ ಇಲ್ಲ! ಅಂತೂ ಹೆಚ್ಚು ಖರ್ಚಿನದಲ್ಲ.

ಪೋಷಕರೇ, ಕೇಂದ್ರಗಳನ್ನು ನೋಡಲು ಹೋದಾಗ ಗೋಡೆಯ ಬಣ್ಣವನ್ನು ನೋಡಿ ಹಿಂದಿರುಗಬೇಡಿ. ರಾತ್ರಿಯ ಊಟ ಎಷ್ಟು ಗಂಟೆಗೆ, ಆ ಹೊತ್ತನ್ನು ಗೊತ್ತುಮಾಡಿದವರು ಯಾರು, ಉಡುವ ಬಟ್ಟೆ ಅವರವರದೇ ಆಗಿದೆಯೇ, ವರ್ಷಕ್ಕೆ ಎಷ್ಟು ನೌಕರರು ಬದಲಾಗುತ್ತಾರೆ ಎಂದು ಕೇಳಿ. ಹೇಳದೆ ಕೇಳದೆ ಇನ್ನೊಂದು ದಿನ ಹೋಗಿ. ಬೇಡವೆಂದರೆ ಅದೇ ಉತ್ತರ. ಹದಿನೆಂಟು ತುಂಬಿದವರಿಗೂ ಪಾಲಕರನ್ನು ನೇಮಿಸುವ ಸ್ಥಳೀಯ ಸಮಿತಿಯು 1999ರ ನ್ಯಾಷನಲ್ ಟ್ರಸ್ಟ್ ಶಾಸನದಂತೆ ಜಿಲ್ಲೆಯಲ್ಲಿ ಇರತಕ್ಕದ್ದು. ಕೈಕಾಲು ಗಟ್ಟಿಯಿರುವಾಗಲೇ ಅಲ್ಲಿ ವಿಚಾರಿಸಿಕೊಳ್ಳಿ.

ವಿದ್ಯಾರ್ಥಿಗಳೇ, ಪುಸ್ತಕ ಬರೆಯುವ ಕೆಲಸ ನಿಮ್ಮದು. ಅಣ್ಣನ, ಅತ್ತೆಯ, ನೆರೆಮನೆಯವರ ಮಾತುಗಳನ್ನು ನಿಮ್ಮಷ್ಟು ಬಲ್ಲವರಿಲ್ಲ. ಈ ಶಾಲೆಯಲ್ಲಿ ಎರಡು ಲಿಪಿಗಳನ್ನೂ ಕಲಿಯುತ್ತೀರಿ. ನಾವು ಹೇಳಿದ ಆ ಮನೆಯಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಚಿಕ್ಕಮ್ಮನ ಮಾತುಗಳನ್ನು ಒಂದು ಪುಟ ಕನ್ನಡದಲ್ಲಿ, ಎದುರಿನ ಪುಟ ಮಲಯಾಳದಲ್ಲಿ ಬರೆಯುತ್ತಿದ್ದಾಳೆ. ಮೊದಲನೆಯ ಮಾತು "ಕೊಡೆ". ಕಳೆದ ವಾರ ನಾವು ಹೋದಾಗ ನಲವತ್ತೊಂದನೆಯದಕ್ಕೆ ಬಂದಿದ್ದಳು.