ಮೊದಲು ಜ್ವರ ಬಂತೋ, ಹೊಟ್ಟೆನೋವು ಬಂತೋ?



ಇವತ್ತು ನಾವು ಡೆಂಗ್ಯೂ ಜ್ವರದ ಬಗ್ಗೆ ಮಾತಾಡೋಣ. ಕೊಪ್ಪಳ ಜಿಲ್ಲೆಗೆ ಈ ಜ್ವರ ಹೊಸದಲ್ಲ. 2024ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರ ಇದನ್ನು ಸಾಂಕ್ರಾಮಿಕ ರೋಗ ಎಂದು ಸಾರಿತು.

ಡೆಂಗ್ಯೂ ಬಂದರೆ ಜ್ವರ, ತಲೆನೋವು, ಮೈ-ಕೈ ನೋವು ಇರುತ್ತದೆ. ಇದು ನಿಮಗೆ ಗೊತ್ತು. ಆದರೆ ಕೆಲವರಿಗೆ ಹೊಟ್ಟೆನೋವೇ ಜೋರಾಗುತ್ತದೆ. ಹೊಟ್ಟೆಯ ಬಲಗಡೆ ಮುಟ್ಟಗೊಡುವುದಿಲ್ಲ. ವಾಂತಿ ಆಗುತ್ತದೆ. ಮಂದಿ "ಇದು ಅಪೆಂಡಿಕ್ಸ್, ಆಪರೇಷನ್ ಮಾಡಿಸ್ರಿ" ಅನ್ನುತ್ತಾರೆ.

ಯಾಕೆ ಹೀಗೆ? ಡೆಂಗ್ಯೂದಲ್ಲಿ ಸಣ್ಣ ರಕ್ತನಾಳಗಳು ಮಣ್ಣಿನ ಕೊಡದ ಹಾಗೆ ಜಿನುಗುತ್ತವೆ. ರಕ್ತದ ನೀರು ಹೊಟ್ಟೆಯೊಳಗೆ ಇಳಿಯುತ್ತದೆ. ಪಿತ್ತಕೋಶ, ಲಿವರ್ ಬಾಯುತ್ತವೆ. ಅದಕ್ಕೇ ನೋವು. ಅಲ್ಲಿ ಕೊಯ್ದು ತೆಗೆಯುವಂಥದ್ದು ಏನೂ ಇರುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳೂ ಕಡಿಮೆ ಆಗಿರುತ್ತವೆ. ಆಗ ಕೊಯ್ದರೆ ರಕ್ತ ನಿಲ್ಲುವುದು ಕಷ್ಟ.

ಹಂಗಂತ ಆಪರೇಷನ್ ಬ್ಯಾಡವೇ ಬ್ಯಾಡ ಅನ್ನಬಾರದು. ಖರೇನ ಅಪೆಂಡಿಕ್ಸ್ ಇದ್ದು ತಡ ಮಾಡಿದರೆ ಅದು ಒಡೆಯುತ್ತದೆ. ಜೀವಕ್ಕೆ ಅಪಾಯ. ಯಾವ ರೋಗ ಅಂತ ಡಾಕ್ಟರೇ ಹೇಳಬೇಕು. ಅದಕ್ಕೆ ನಾವು ಅವರಿಗೆ ಸರಿಯಾಗಿ ಹೇಳಬೇಕು.

ಅಪೆಂಡಿಕ್ಸ್‌ನಲ್ಲಿ ಸಾಮಾನ್ಯವಾಗಿ ನೋವು ಮೊದಲು, ಜ್ವರ ಆಮೇಲೆ. ಡೆಂಗ್ಯೂದಲ್ಲಿ ಜ್ವರ ಮೊದಲು. ಈಗ ನಿಮಗೆ ಬರೆಯಲು ಬರುತ್ತದೆ. ಜ್ವರ ಬಂದ ತಾರೀಖು ಒಂದು ಚೀಟಿಯಲ್ಲಿ ಬರೆಯಿರಿ. ನೋವು ಬಂದ ತಾರೀಖೂ ಬರೆಯಿರಿ. ಚೀಟಿ ಡಾಕ್ಟರಿಗೆ ತೋರಿಸಿರಿ. "ಡೆಂಗ್ಯೂ ರಕ್ತ ಪರೀಕ್ಷೆ ಮಾಡಬೇಕೇನ್ರಿ?" ಅಂತ ಕೇಳಿರಿ. ಕೇಳಲು ನಾಚಿಕೆ ಯಾಕೆ?

ಇನ್ನೊಂದು ಮಾತು. ಜ್ವರ ಇಳಿಯಿತು, ಗುಣ ಆಯಿತು ಅಂತ ಸುಮ್ಮನಿರಬ್ಯಾಡ್ರಿ. ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಅಪಾಯದ ದಿನ. ಆಗ ಹೊಟ್ಟೆನೋವು ಜೋರಾದರೆ, ಮೇಲಿಂದ ಮೇಲೆ ವಾಂತಿ ಆದರೆ, ವಸಡಿನಲ್ಲಿ ರಕ್ತ ಬಂದರೆ, ಕೈಕಾಲು ತಣ್ಣಗಾದರೆ ಕೂಡಲೇ 108ಕ್ಕೆ ಫೋನ್ ಮಾಡಿರಿ. ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಬ್ಯಾಡ್ರಿ. ಕೆಲವು ಗುಳಿಗೆಗಳಿಂದ ರಕ್ತಸ್ರಾವ ಹೆಚ್ಚಾಗುತ್ತದೆ.

ಈ ರೋಗ ತರುವ ಸೊಳ್ಳೆ ಹಗಲು ಕಚ್ಚುತ್ತದೆ. ನಾವು ತುಂಬಿಟ್ಟ ತಿಳಿನೀರಿನಲ್ಲೇ ಮೊಟ್ಟೆ ಇಡುತ್ತದೆ. ನಳದ ನೀರು ದಿನಾ ಬರದ ಊರಲ್ಲಿ ನೀರು ತುಂಬಿಡಲೇಬೇಕು. ಹಂಡೆ, ಡ್ರಮ್ಮು, ತೊಟ್ಟಿ ಎಲ್ಲಾ ಮುಚ್ಚಿಡಿರಿ. ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಿ ತೊಳೆಯಿರಿ. ಮನೆಗೆ ಹೋಗಿ ನೆರೆಮನೆಯ ಅಕ್ಕನಿಗೂ ಈ ಪಾಠ ಓದಿ ಹೇಳಿರಿ.